ಪಲ್ಪರ್ ಸಾಕಲು ಒಂದು ಕ್ಷಿಪಣಿ

ಮೂಡಿಗೆರೆ
14 ಜನವರಿ 2001

ವಿಮಾನಾಚಾರ್ಯ ಚನ್ನಕೇಶವನ ದಿವ್ಯ ಸನ್ನಿಧಾನಕ್ಕೆ,

ಪಲ್ಪರ್ ಪಂಡಿತ ಏಕಾಂತಪ್ಪನ ನಮಸ್ಕಾರ. ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರುಮಾಡುವುದು ಪದ್ಧತಿ. ಪದ್ಧತಿಗಾಗಿ ಬರೆದಿದ್ದೇನೆ, ನಂಬಲೇಬೇಕೆಂಬ ಬಲವಂತವಿಲ್ಲ.

ಚಿಕ್ಕಮಗಳೂರಿನ ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚು ಸವೆಸಿದವರು. ನೀನು ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ ವಿಮಾನದ ನಕ್ಷೆ ಬರೆಯುವವನಾದೆ. ನಾನು ಬಸ್ಸು ಹತ್ತಿ ಮೂಡಿಗೆರೆಗೆ ಬಂದು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ ಮಾಡುವವನಾದೆ. ಇಷ್ಟು ವರ್ಷ ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚಿರಲಿಲ್ಲ. ಈ ಸೀಸನ್ನಿನಲ್ಲಿ ಶುರುವಾಗಿದೆ.

ಕಾಫಿ ಬೆಲೆ ಬಿದ್ದಿದೆ. ಅದು ಬಿದ್ದ ಸದ್ದು ಎಲ್ಲರಿಗಿಂತ ಮೊದಲು ಕೇಳಿಸಿದ್ದು ನಮ್ಮ ವರ್ಕ್‌ಶಾಪಿಗೆ. ಒಂದೇ ಒಂದು ಹೊಸ ಪಲ್ಪರ್ ಹೋಗಲಿಲ್ಲ. ಕುಯ್ಲಿಗೆ ಮೊದಲು ನಾನೂ ಮೇಸ್ತ್ರಿ ಗುರುವಯ್ಯನೂ ಎಂದಿನಂತೆ ಸೆಟ್ಟಿಂಗ್ ಸವಾರಿ ಹೊರಟೆವು. ನಮ್ಮ ತಂದೆಯ ಕಾಲದಿಂದ ಬಂದ ಪದ್ಧತಿ ಇದು: ನಾವು ಮಾರಿದ ಪ್ರತಿ ಪಲ್ಪರಿನ ಮನೆಗೂ ಹೋಗಿ, ಆ ವರ್ಷದ ಹಣ್ಣು ದಪ್ಪವೋ ಸಣ್ಣವೋ ನೋಡಿ, ಡ್ರಮ್ಮಿಗೂ ಎದುರಿನ ಪಟ್ಟಿಗೂ ನಡುವಿನ ಗ್ಯಾಪ್ ಸರಿಮಾಡಿ ಬರುವುದು. ಗ್ಯಾಪ್ ಹೆಚ್ಚಾದರೆ ಹಣ್ಣು ಸುಲಿಯದೆ ಹೊರಬೀಳುತ್ತದೆ, ಕಡಿಮೆಯಾದರೆ ಬೀಜ ಸೀಳುತ್ತದೆ. ಇದಕ್ಕೆ ಕೂಲಿಯಿಲ್ಲ, ಕಡುಬು ಚಟ್ನಿಯುಂಟು. ಈ ಸಲ ಎಲ್ಲ ಎಸ್ಟೇಟಿನಲ್ಲೂ ಕಡುಬು ಕೊಟ್ಟರು, ಆರ್ಡರ್ ಯಾರೂ ಕೊಡಲಿಲ್ಲ. ಲೆಕ್ಕ ಬರೆಯುವ ಒಬ್ಬ ರೈಟರ್ ಅಂತೂ, "ಹೊಸದು ಬೇಡ ಮಾರಾಯ್ರೆ, ಹಳೇದಕ್ಕೇ ಸ್ವಲ್ಪ ಎಣ್ಣೆ ಬಿಟ್ಟು ಹೋಗಿ" ಅಂದ.

ನೀನು ಹೋದ ವರ್ಷ ಬರೆದು ಕಳಿಸಿದ ಪುಟ್ಟ ಪಲ್ಪರಿನ ನಕ್ಷೆ ಗೋಡೆಯ ಮೇಲಿದೆ. ಒಬ್ಬರೇ ಕೈಯಲ್ಲಿ ತಿರುಗಿಸಬಹುದು, ಕೊಡಪಾನ ನೀರು ಸಾಕು, ಸಣ್ಣ ಬೆಳೆಗಾರರ ಅಂಗಳದಲ್ಲಿ ಕೂರುತ್ತದೆ. ಮೊದಲನೆಯದನ್ನು ಮಲ್ಲಂದೂರಿನ ಶಿವಗಂಗಮ್ಮನವರಿಗೆ ಕೊಡುತ್ತೇನೆಂದು ಮಾತು ಕೊಟ್ಟಿದ್ದೇನೆ. ಗಂಡ ಹೋದ ಮೇಲೆ ತೋಟ ಒಬ್ಬರೇ ನೋಡಿಕೊಳ್ಳುತ್ತಾರೆ. "ಹಣ್ಣನ್ನ ಹಾಗೇ ಒಣಗಿಸಿ ಚೆರಿ ಅಂತ ಮಾರಿ ಮಾರಿ ಸಾಕಾಯ್ತು ಅಣ್ಣ. ನಂದೂ ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಅಂತ ಹೇಳ್ಕೊಂಡು ಒಂದ್ ವರ್ಷನಾದ್ರೂ ಕ್ಯೂರಿಂಗ್ ಮಿಲ್ಲಿಗೆ ಹಾಕ್ಬೇಕು" ಅಂತಾರೆ. ಶಾಪು ಉಳಿದರೆ ಅದು ಹುಟ್ಟುತ್ತದೆ. ಶಾಪು ಉಳಿಯುವ ಲಕ್ಷಣ ಕಾಣುತ್ತಿಲ್ಲ.

ನಿಮ್ಮ ವಿಮಾನ ಕಂಪನಿಗೆ ಯಾವತ್ತಾದರೂ ಹೀಗೆ ಗಿರಾಕಿಯೇ ಇಲ್ಲದ ಕಾಲ ಬಂದಿತ್ತೇ? ಬಂದಿದ್ದರೆ ಹೇಗೆ ಬದುಕಿದಿರಿ?

ಏಕಾಂತಪ್ಪ


ದಕ್ಷಿಣ ಇಂಗ್ಲೆಂಡಿನ ದ್ವೀಪ
20 ಫೆಬ್ರವರಿ 2001

ಪಲ್ಪರ್ ಪಂಡಿತರಿಗೆ,

ಗಿರಾಕಿ ಇಲ್ಲದ ಕಾಲ ಬಂದಿತ್ತೇ ಎಂದು ಕೇಳಿದ್ದೀಯ. ಬೇರೆ ಕಾಲವೇ ಇರಲಿಲ್ಲ ಮಾರಾಯ!

ನಮ್ಮ ಕಂಪನಿ ಮೊದಲು ಮಾಡುತ್ತಿದ್ದದ್ದು ನೀರಿನ ಮೇಲೆ ಇಳಿಯುವ ವಿಮಾನ. ಮಹಾಯುದ್ಧ ಮುಗಿಯುವ ಹೊತ್ತಿಗೆ ಊರೂರಿಗೂ ರನ್‌ವೇ ಬಂದಿತ್ತು. ನೆಲ ಸಿಕ್ಕ ಮೇಲೆ ನೀರಿಗೆ ಇಳಿಯುವವರು ಯಾರು? ಆದರೂ ನಮ್ಮ ಯಜಮಾನರು ಅರಮನೆಯಂಥ ದೋಣಿ-ವಿಮಾನ ಕಟ್ಟಿ, ಕೊಳ್ಳುವವರು ಬರುತ್ತಾರೆಂದು ದಡದಲ್ಲಿ ಹೊದಿಕೆ ಹಾಕಿ ನಿಲ್ಲಿಸಿದ್ದರು. ಹೊದಿಕೆ ಬಿಚ್ಚುವ ಸಂದರ್ಭ ಬರಲಿಲ್ಲ. ಆಮೇಲೆ ಜೆಟ್ಟೂ ರಾಕೆಟ್ಟೂ ಎರಡೂ ಇರುವ ಫೈಟರ್ ವಿಮಾನಕ್ಕೆ ಕೈಹಾಕಿದರು. ನಾನು ಸೇರಿದ್ದು ಆಗ. ಅದರ ಬಾಲದ ಒಂದು ಕೀಲು ನನ್ನ ಪಾಲಿಗೆ ಬಂದಿತ್ತು. ಆ ಕೀಲನ್ನು ನಾನು ಎಷ್ಟು ಶ್ರದ್ಧೆಯಿಂದ ಬರೆದೆನೆಂದರೆ, ಉಳಿದ ವಿಮಾನವನ್ನು ಆ ಕೀಲಿಗೆ ಜೋಡಿಸಿದ್ದಾರೆಂದೇ ನನ್ನ ಭಾವನೆಯಾಗಿತ್ತು.

1957ರಲ್ಲಿ ಸರ್ಕಾರ ಒಂದು ಶ್ವೇತಪತ್ರ ಹೊರಡಿಸಿತು. ಮುಂದಿನ ಯುದ್ಧಕ್ಕೆ ಫೈಟರ್ ಬೇಡ, ಪೈಲಟ್ಟೂ ಬೇಡ, ಕ್ಷಿಪಣಿ ಸಾಕು ಎಂಬುದು ಸಾರಾಂಶ. ದೇಶದ ವಿಮಾನ ಕಂಪನಿಗಳಲ್ಲಿ ಅರ್ಧಕ್ಕೆ ಜ್ವರ ಬಂತು. ನಮ್ಮಲ್ಲಿ ಮಾತ್ರ, ಯಜಮಾನರ ಪುಣ್ಯವೋ ಏನೋ, ಅಷ್ಟರಲ್ಲಾಗಲೇ ಮೂಲೆಯ ಶೆಡ್ಡಿನಲ್ಲಿ ಕ್ಷಿಪಣಿ ಕೆಲಸವೊಂದು ನಡೆದಿತ್ತು. ದೊಡ್ಡ ಕ್ಷಿಪಣಿಯ ಮೂತಿ ಆಕಾಶದಿಂದ ವಾಪಸ್ ಬೀಳುವಾಗ ಎಷ್ಟು ಸುಡುತ್ತದೆಂದು ನೋಡುವುದಕ್ಕೆ ಒಂದು ಪರೀಕ್ಷಾ ರಾಕೆಟ್ಟು. ಇಲ್ಲಿ ಮಾಡಿ, ಹಡಗಿಗೆ ಹೇರಿ, ಆಸ್ಟ್ರೇಲಿಯಾದ ಮರಳುಗಾಡಿನಲ್ಲಿ ಬಿಡುವುದು. ಆ ಶೆಡ್ಡಿನ ದುಡಿಮೆಯಿಂದ ಕಂಪನಿಯ ಗೇಟು ತೆರೆದಿತ್ತು, ಕ್ಯಾಂಟೀನಿನಲ್ಲಿ ಟೀ ಕುದಿಯುತ್ತಿತ್ತು. ನಮ್ಮದೊಂದೇ ಅಲ್ಲ, ಆಗ ಬದುಕಿದ ಬೇರೆ ಕಂಪನಿಗಳದ್ದೂ ಹೆಚ್ಚುಕಡಿಮೆ ಇದೇ ಕಥೆ. ಬೋರ್ಡಿನ ಮೇಲೆ ವಿಮಾನ, ತಟ್ಟೆಯಲ್ಲಿ ಕ್ಷಿಪಣಿ.

ಕಂಪನಿ ಉಳಿಯಿತು. ಆದ್ದರಿಂದ ಪಂಡಿತರಿಗೆ ಆಚಾರ್ಯರ ಉಪದೇಶ: ನೀನೂ ಒಂದು ಕ್ಷಿಪಣಿ ಹುಡುಕು. ಪಲ್ಪರ್ ತಂಟೆಗೆ ಬಾರದೆ ಪಲ್ಪರನ್ನು ಸಾಕುವಂಥ ಒಂದು ಕೆಲಸ. ಪುಟ್ಟ ಪಲ್ಪರ್ ಹುಟ್ಟುವ ತನಕ ಹೇಗಾದರೂ ಬಾಗಿಲು ಹಾಕಬೇಡ. ಅದರ ಡ್ರಮ್ಮು ತಿರುಗಿದ ದಿನ ನನಗೆ ಬರೆ.

ಚನ್ನಕೇಶವ


ಮೂಡಿಗೆರೆ
8 ಸೆಪ್ಟೆಂಬರ್ 2002

ಆಚಾರ್ಯರೇ,

ನಿನ್ನ ಉಪದೇಶದ ಕ್ಷಿಪಣಿ ಹುಡುಕಲು ಒಂದೂವರೆ ವರ್ಷ ಹಿಡಿಯಿತು. ಅದಕ್ಕೇ ಕಾಗದ ತಡ.

ನಿನ್ನ ಪತ್ರವನ್ನು ಶಾಪಿನಲ್ಲಿ ಗಟ್ಟಿಯಾಗಿ ಓದಿದೆ. ಗುರುವಯ್ಯ ಸುತ್ತಿಗೆ ಕೆಳಗಿಟ್ಟು, "ಕ್ಷಿಪಣಿ ಮಾಡೋಣ ಸ್ವಾಮಿ, ಅದೇನ್ ದೊಡ್ಡ ವಿಷ್ಯ. ಆದ್ರೆ ಮೂಡಿಗೆರೇಲಿ ಯಾರ ಮೇಲೆ ಬಿಡೋದು? ತಾಲೂಕಾಫೀಸಿನ ಮೇಲಾ?" ಎಂದ. ಗುರಿ ಚೆನ್ನಾಗಿತ್ತು, ಆದರೆ ಆ ಕಡೆಯಿಂದ ಆರ್ಡರ್ ಬರುವ ಸಂಭವವಿರಲಿಲ್ಲ. ಕಿಟಕಿ ಸರಳು ಮಾಡಿದೆವು. ಬಸ್ಸಿನ ಹಿಂದಿನ ಏಣಿ ಮಾಡಿದೆವು. ಒಬ್ಬರ ಮನೆಗೆ ಗಾಳಿಗೆ ತಿರುಗಿ ಸದ್ದು ಮಾಡಿ ಹಂದಿ ಬೆದರಿಸುವ ತಗಡಿನ ಗಿರಗಟ್ಟೆ ಮಾಡಿಕೊಟ್ಟೆವು. ಹಂದಿ ಅದರ ಕೆಳಗೇ ಮಲಗಿತಂತೆ.

ಕೊನೆಗೆ ಕ್ಷಿಪಣಿ ತಾನಾಗಿಯೇ ಬಂತು. ಅದರ ಹೆಸರು ವೆನಿಲ್ಲಾ.

ನಗಬೇಡ. ಇಲ್ಲಿ ಈಗ ಕಾಫಿಯ ಮಾತಾಡುವವನನ್ನು ಜನ ಕನಿಕರದಿಂದ ನೋಡುತ್ತಾರೆ. ಎಲ್ಲ ಮರಕ್ಕೂ ವೆನಿಲ್ಲಾ ಬಳ್ಳಿ ಹಬ್ಬಿಸಿದ್ದಾರೆ. ಬೆಳಗಾಗೆದ್ದು ಒಂದೊಂದು ಹೂವಿಗೂ ಕಡ್ಡಿಯಿಂದ ಕೈಯಾರೆ ಪರಾಗ ಮುಟ್ಟಿಸಬೇಕು. ಸ್ವಂತ ಮಗಳ ಮದುವೆಗೆ ಇಷ್ಟು ಓಡಾಡದವರು ಹೂವಿನ ಮದುವೆಗೆ ಓಡಾಡುತ್ತಿದ್ದಾರೆ. ಕೋಡಿನ ಬೆಲೆ ಏರಿದ ಮೇಲೆ ಕಳ್ಳರೂ ಬಂದರು. ಕಳ್ಳರು ಬಂದ ಮೇಲೆ ನನ್ನ ಬಾಗಿಲಿಗೆ ಜವಳಿ ಅಂಗಡಿಯ ಚಂದ್ರಶೇಖರಪ್ಪನವರು ಬಂದರು. ಕಳಸದ ಹತ್ತಿರ ಅವರಿಗೆ ತೋಟವಿದೆ. "ಏಕಾಂತಪ್ಪ, ನನ್ನ ವೆನಿಲ್ಲಾಕ್ಕೆ ಒಂದು ಜೈಲು ಕಟ್ಕೊಡು" ಅಂದರು. ಕಬ್ಬಿಣದ ಕಂಬ, ಬಲೆ, ಮೇಲೆ ಮುಚ್ಚಿಗೆ, ಎರಡು ಬೀಗದ ಗೇಟು. ಕಟ್ಟಿಕೊಟ್ಟೆವು. ಬಳ್ಳಿ ಒಳಗೆ, ಕಳ್ಳ ಹೊರಗೆ. ನೋಡಿದವರಿಗೆಲ್ಲ ಅದೇ ಬೇಕಾಯಿತು. ಈಗ ಶಾಪಿನ ಮುಂದೆ ಜೀಪುಗಳು ಸಾಲುಗಟ್ಟಿವೆ.

ನೀನು ಹೇಳಿದ್ದು ನಿಜ. ಪಲ್ಪರಿಗೆ ಅನ್ನ ಹಾಕುವವನು ಸಿಕ್ಕಿದ. ಪುಟ್ಟ ಪಲ್ಪರಿನ ಡ್ರಮ್ಮಿಗೆಂದು ತಾಮ್ರದ ತಗಡನ್ನೂ ತರಿಸಿಟ್ಟಿದ್ದೇನೆ.

ಒಂದು ಮಾತು. ನಿನ್ನ ಕಥೆಯಲ್ಲಿ ಕ್ಷಿಪಣಿ ಕಂಪನಿಯನ್ನು ಉಳಿಸಿತು, ಸರಿ. ಆಮೇಲೆ ವಿಮಾನ ಮಾಡಿದರೋ? ಗುರುವಯ್ಯ ಕೇಳುತ್ತಿದ್ದಾನೆ.

ಏಕಾಂತಪ್ಪ


ದ್ವೀಪ
3 ನವೆಂಬರ್ 2002

ಜೈಲು ಕಂಟ್ರಾಕ್ಟರ್ ಏಕಾಂತಪ್ಪನವರಿಗೆ,

ಸಂತೋಷ. ನನ್ನ ಹೆಂಡತಿಗೆ ವೆನಿಲ್ಲಾ ಬಳ್ಳಿಯಲ್ಲಿ ಬಿಡುತ್ತದೆ ಎಂದರೆ ನಂಬಿಕೆ ಬರಲಿಲ್ಲ. ಅವಳ ಪ್ರಕಾರ ಅದು ಸೀಸೆಯಲ್ಲಿ ಬಿಡುತ್ತದೆ.

ಗುರುವಯ್ಯನಿಗೆ ಒಂದು ಸ್ವಾರಸ್ಯ ಹೇಳು. ರಾಕೆಟ್ಟನ್ನು ಆಸ್ಟ್ರೇಲಿಯಾಕ್ಕೆ ಕಳಿಸುವ ಮೊದಲು ಇಲ್ಲಿಯೇ ಸಮುದ್ರದ ಮೇಲಿನ ಗುಡ್ಡದಲ್ಲಿ ನಿಲ್ಲಿಸಿ ಉರಿಸಿ ನೋಡುತ್ತಿದ್ದರು. ಹಾರಲು ಬಿಡುತ್ತಿರಲಿಲ್ಲ. ಕಬ್ಬಿಣದ ಕೊಕ್ಕೆಗಳಿಂದ ನೆಲಕ್ಕೆ ಬಿಗಿದು ಕಿಚ್ಚು ಹಚ್ಚುವುದು. ಅದು ಭೋರ್ಗರೆಯುತ್ತದೆ, ಗುಡ್ಡ ನಡುಗುತ್ತದೆ, ಹಕ್ಕಿಗಳೆಲ್ಲ ಹಾರುತ್ತವೆ, ಅದೊಂದು ಮಾತ್ರ ಹಾರುವುದಿಲ್ಲ. ನಾವು ದೂರದಲ್ಲಿ ಕೋಟು ತೊಟ್ಟು ನಿಂತು ಚಪ್ಪಾಳೆ ತಟ್ಟುತ್ತಿದ್ದೆವು. ಹಾರದೇ ಇದ್ದದ್ದಕ್ಕೆ ಚಪ್ಪಾಳೆ ಹೊಡೆದವರು ಭೂಮಿಯ ಮೇಲೆ ನಾವೇ ಇರಬೇಕು.

ಡ್ರಮ್ಮಿನ ಮೇಲೆ ಹಣ್ಣನ್ನು ಉಜ್ಜುವ ಉಬ್ಬುಗಳ ಸಾಲನ್ನು ಸ್ವಲ್ಪ ಓರೆ ಮಾಡಿ ಹೊಸ ನಕ್ಷೆ ಲಗತ್ತಿಸಿದ್ದೇನೆ. ಹೀಗಾದರೆ ತಿರುಗಿಸುವವರ ರಟ್ಟೆಗೆ ಭಾರ ಕಡಿಮೆ. ತಾಮ್ರದ ಮೇಲೆ ಗುರುವಯ್ಯ ಉಬ್ಬು ಹೊಡೆದ ಕೂಡಲೇ ಫೋಟೋ ಕಳಿಸು.

ಇಲ್ಲಿ ಚಳಿ.

ಚನ್ನಕೇಶವ


ಮೂಡಿಗೆರೆ
21 ಜೂನ್ 2003

ಚನ್ನಕೇಶವ,

ಉಸಿರಾಡಲು ಪುರುಸೊತ್ತಿಲ್ಲ, ಆದರೂ ಬರೆಯುತ್ತಿದ್ದೇನೆ. ಕಳಸದಿಂದ ದೇವರಮನೆ ಗುಡ್ಡದ ತನಕ ಎಲ್ಲಿ ನೋಡಿದರೂ ನಮ್ಮ ಪಂಜರ. ಬೋರ್ಡ್ ಬದಲಾಯಿಸಿದ್ದೇನೆ: ಮೇಲೆ ಪಂಜರದ ಚಿತ್ರ, ಕೆಳಗೆ ಸಣ್ಣಗೆ ಪಲ್ಪರ್. ನಿಮ್ಮ ಯಜಮಾನರಿಗಿಂತ ನಾನು ಪ್ರಾಮಾಣಿಕ!

ಕಳೆದ ಕುಯ್ಲಿನಲ್ಲಿ ಸೆಟ್ಟಿಂಗ್ ಸವಾರಿ ಮಾಡಲಾಗಲಿಲ್ಲ. ವೆನಿಲ್ಲಾ ಕೋಡು ಬಲಿಯುವುದೂ ಕಾಫಿ ಹಣ್ಣಾಗುವುದೂ ಒಂದೇ ಸಮಯ, ಏನು ಮಾಡಲಿ. ಗುರುವಯ್ಯ ಮುಖ ಊದಿಸಿಕೊಂಡು, "ಒಂದ್ ವಾರ ಬಿಡಿ ಸ್ವಾಮಿ, ಮಲ್ಲಂದೂರ್ ಕಡೆಗಾದ್ರೂ ಹೋಗ್ಬರ್ತೀನಿ" ಅಂದ. "ಪಂಜರ ಮುಗಿಸು ಮಾರಾಯ, ಪಲ್ಪರ್ ಎಲ್ಲೂ ಓಡಿಹೋಗಲ್ಲ" ಎಂದೆ. ಅವನನ್ನೂ ವೆಲ್ಡಿಂಗಿಗೆ ಹಾಕಿದ್ದೇನೆ. ತಾತ್ಕಾಲಿಕವಾಗಿ.

ಶಿವಗಂಗಮ್ಮನವರೂ ಬಂದಿದ್ದರು. ಪಲ್ಪರ್ ಕೇಳಲು ಎಂದುಕೊಂಡೆ. "ನಂಗೂ ಒಂದ್ ಪಂಜರ ಅಣ್ಣ, ನಾಲ್ಕ್ ಮರಕ್ಕೆ ವೆನಿಲ್ಲಾ ಹಬ್ಸಿದೀನಿ" ಅಂದರು. ಹೊರಡುವಾಗ ಬಾಗಿಲಲ್ಲಿ ನಿಂತು, "ಅದು ಯಾವಾಗ?" ಅಂತ ಕೇಳಿದರು. ಮುಂದಿನ ಕುಯ್ಲಿಗೆ ಎಂದೆ.

ನಿನ್ನ ಡ್ರಮ್ಮಿನ ಕೆಲಸ ನಡೆಯುತ್ತಿದೆ. ಫೋಟೋ ಸರಿಯಾಗಿ ಬರಲಿಲ್ಲ, ಆಮೇಲೆ ಕಳಿಸುತ್ತೇನೆ.

ನನ್ನ ಪ್ರಶ್ನೆಗೆ ನೀನು ರಾಕೆಟ್ ಕಟ್ಟಿಹಾಕಿದ ಕಥೆ ಹೇಳಿದೆ. ನಾನು ಕೇಳಿದ್ದು ಆಮೇಲೆ ವಿಮಾನ ಮಾಡಿದರೋ ಎಂದು.

ಏಕಾಂತಪ್ಪ


ದ್ವೀಪ
10 ಆಗಸ್ಟ್ 2003

ಪ್ರಿಯ ಏಕಾಂತಪ್ಪ,

ಸೆಟ್ಟಿಂಗ್ ಸವಾರಿ ಬಿಟ್ಟದ್ದು ಸರಿಯಲ್ಲ. ಪಂಜರದ ಕೆಲಸ ಸ್ವಲ್ಪ ನಿಧಾನವಾದರೂ ಪರವಾಗಿಲ್ಲ, ಈ ವರ್ಷ ತಪ್ಪದೆ ಹೋಗು. ಗುರುವಯ್ಯನನ್ನು ವೆಲ್ಡಿಂಗಿನಿಂದ ತೆಗೆ. ನಮ್ಮ ವಿಮಾನದ ಡ್ರಾಯಿಂಗ್ ಆಫೀಸಿನವರನ್ನೂ ರಾಕೆಟ್ಟಿನ ಶೆಡ್ಡಿಗೆ ಕಳಿಸಿದಾಗ ನೀನು ಬಳಸಿದ 'ತಾತ್ಕಾಲಿಕ' ಎಂಬ ಪದವನ್ನೇ ಬಳಸಿದ್ದರು.

ಡ್ರಮ್ಮು ಶುರುವಾಗಿದೆ ಎಂದು ಓದಿ ಎರಡು ದಿನ ಖುಷಿಯಲ್ಲಿದ್ದೆ. ಫೋಟೋ ಮಸುಕಾಗಿದ್ದರೂ ಕಳಿಸು.

ಈ ಬೇಸಿಗೆ ಇಲ್ಲಿ ಬಿಸಿಲು ವಿಪರೀತ. ಜನ ಸಮುದ್ರದಲ್ಲೇ ಇದ್ದಾರೆ.

ಚನ್ನಕೇಶವ


ಮೂಡಿಗೆರೆ
17 ಡಿಸೆಂಬರ್ 2003

ಚನ್ನಕೇಶವ,

ಪತ್ರ ತಲುಪಿತು. ಕ್ಷಿಪಣಿ ಹುಡುಕು ಎಂದವನು ನೀನು. ಸಿಕ್ಕಿದ ಮೇಲೆ ನಿಧಾನ ಮಾಡು ಎನ್ನುವವನೂ ನೀನು. ನೀವು ಅಲ್ಲಿ ಕೋಟು ತೊಟ್ಟು ನಿಂತು ಚಪ್ಪಾಳೆ ತಟ್ಟಿದವರು. ನಾನು ಇಲ್ಲಿ ಶಾಪು ನಡೆಸಬೇಕು. ಮೂಡಿಗೆರೆಯಲ್ಲಿ ಏಕಾಂತಪ್ಪನೂ ನಾಲ್ಕು ಜನರಿಗೆ ಕೆಲಸ ಕೊಟ್ಟ ಎಂದರೆ ದ್ವೀಪದಲ್ಲಿ ಕೂತವರಿಗೆ ಯಾಕೆ ಇರುಸುಮುರುಸು?

ಈ ವರ್ಷವೂ ಸವಾರಿ ಹೋಗಲಾಗಲಿಲ್ಲ. ಡ್ರಮ್ಮು ನಡೆಯುತ್ತಿದೆ.

ಏ.


ಮೂಡಿಗೆರೆ
12 ಅಕ್ಟೋಬರ್ 2005

ಚನ್ನಕೇಶವನಿಗೆ,

ಎರಡು ವರ್ಷದ ಹತ್ತಿರ ಬರೆಯಲಿಲ್ಲ. ನೀನೂ ಬರೆಯಲಿಲ್ಲ. ಬಿಡು, ನಿನ್ನ ಮೇಲಿನ ಸಿಟ್ಟು ವೆನಿಲ್ಲಾ ಬೆಲೆಯ ಜೊತೆಗೇ ಇಳಿಯಿತು.

ಅದು ಇಳಿದ ವೇಗವನ್ನು ನಿಮ್ಮ ಆಸ್ಟ್ರೇಲಿಯಾದವರು ಅಳೆಯಬೇಕಿತ್ತು. ಈಗ ಕೋಡನ್ನು ರಸ್ತೆಯಲ್ಲಿ ಇಟ್ಟರೂ ಕಳ್ಳ ಬಗ್ಗುವುದಿಲ್ಲ. ಬಳ್ಳಿ ಕೊಳೆರೋಗದಲ್ಲಿ ಹೋಯಿತು, ಪಂಜರ ಗಟ್ಟಿಮುಟ್ಟಾಗಿ ನಿಂತಿದೆ. ಕೆಲವರು ಕೋಳಿ ಬಿಟ್ಟಿದ್ದಾರೆ. ಚಂದ್ರಶೇಖರಪ್ಪನವರು ದಾರಿಯಲ್ಲಿ ಸಿಕ್ಕಿ, "ಜೈಲು ವಾಪಸ್ ತಗೊಳ್ತೀಯೇನಯ್ಯ? ಕೈದಿ ತೀರ್ಕೊಂಡ" ಅಂದರು. ಇಬ್ಬರೂ ನಕ್ಕೆವು. ಅವರು ಹೋದ ಮೇಲೆ ನಾನು ನಿಲ್ಲಿಸಿದೆ.

ತಮಾಷೆ ಕೇಳು. ಕಾಫಿ ಬೆಲೆ ಮತ್ತೆ ಎದ್ದಿದೆ. ಕಾಯುತ್ತಿದ್ದ ಕಾಲ ಬಂತು ಎಂದು ನಾನೂ ಗುರುವಯ್ಯನೂ ಮೊನ್ನೆ ಸೆಟ್ಟಿಂಗ್ ಸವಾರಿ ಹೊರಟೆವು. ಮೂರು ಕುಯ್ಲು ತಪ್ಪಿಸಿದ ಮೇಲೆ. ಕಳಸದ ಕಡೆ ದೇವರಾಜರ ತೋಟಕ್ಕೆ ಹೋದರೆ, ಪಲ್ಪರ್ ಮನೆಯಲ್ಲಿ ಹೊಚ್ಚ ಹೊಸ ಯಂತ್ರ. ನಮ್ಮದಲ್ಲ. ನಮ್ಮದು ಹೊರಗೆ ಸೌದೆ ರಾಶಿಯ ಪಕ್ಕ ಇತ್ತು.

"ನೀವ್ ಬರ್ಲಿಲ್ಲ ಮಾರಾಯ್ರೆ" ಅಂದರು ದೇವರಾಜ್. ಬೈಯಲಿಲ್ಲ. "ಬೀಜ ಸೀಳ್ತಾ ಇತ್ತು. ಮೊದಲ ವರ್ಷ ಕಾದ್ವಿ. ಎರಡನೇ ವರ್ಷಾನೂ ನೋಡಿದ್ವಿ. ಆಮೇಲೆ ಬೇರೆಯವ್ರು ಬಂದ್ರು."

ನಾವು ಹೊರಟು ನಿಂತರೆ, "ಎಲ್ಲಿಗೆ? ಊಟ ಮಾಡ್ಕೊಂಡ್ ಹೋಗಿ" ಅಂತ ಕೂರಿಸಿದರು. ಅದೇ ಕಡುಬು, ಅದೇ ಚಟ್ನಿ. ಕೆಲಸ ಮಾಡದೆ ಉಂಡದ್ದು ಅದೇ ಮೊದಲು. ಗುರುವಯ್ಯ ಅರ್ಧಕ್ಕೇ ಕೈ ತೊಳೆದ. ಮುಂದಿನ ತೋಟಗಳಲ್ಲೂ ಹೆಚ್ಚುಕಡಿಮೆ ಇದೇ.

ಇರಲಿ, ಪುಟ್ಟ ಪಲ್ಪರಾದರೂ ಆಗಲಿ ಎಂದು ಕೂತೆ. ಈಗ ನಿಜ ಬರೆಯುತ್ತೇನೆ. ಡ್ರಮ್ಮು ನಡೆಯುತ್ತಿದೆ ಎಂದು ಬರೆದಾಗಲೆಲ್ಲ ಅದು ನಡೆದಿರಲಿಲ್ಲ. ತಂದಿಟ್ಟ ತಾಮ್ರದ ತಗಡು ಚಂದ್ರಶೇಖರಪ್ಪನವರ ಪಂಜರದ ಗೇಟಿನಲ್ಲಿ ನಾಮಫಲಕವಾಗಿದೆ. ಅವರಿಗೆ ತಾಮ್ರವೇ ಬೇಕಿತ್ತು. ಬೇರೆ ತರಿಸಿದರಾಯಿತು ಎಂದುಕೊಂಡಿದ್ದೆ. ಈಗ ಬೇರೆ ತರಿಸಿದ್ದೇನೆ. ಆದರೆ ಗುರುವಯ್ಯನ ಕಣ್ಣಿಗೆ ವೆಲ್ಡಿಂಗ್ ಬೆಳಕು ಹೊಡೆದು ಮಂಜಾಗಿದೆ. ಉಬ್ಬು ಹೊಡೆಯಲು ಹೋದರೆ ತಗಡು ಹರಿಯುತ್ತದೆ, ಸಾಲು ಸೊಟ್ಟ ಬರುತ್ತದೆ. ಅವನಿಂದ ಕೆಲಸ ಕಲಿಯಬೇಕಾಗಿದ್ದವರು ಗ್ರಿಲ್ ಮಾಡುವುದನ್ನು ಕಲಿತು ಮಂಗಳೂರಿಗೆ ಹೋದರು.

ಆ ಪ್ರಶ್ನೆಯನ್ನು ಈಗ ನಾನೇ ಕೇಳುತ್ತಿದ್ದೇನೆ, ಗುರುವಯ್ಯನಲ್ಲ. ಆಮೇಲೆ ವಿಮಾನ ಮಾಡಿದರೋ?

ಏಕಾಂತಪ್ಪ


ದ್ವೀಪ
1 ನವೆಂಬರ್ 2005

ಪ್ರಿಯ ಏಕಾಂತಪ್ಪ,

ಇಲ್ಲ.

ಫೈಟರ್ ರದ್ದಾದಾಗ ಅರ್ಧ ಜೋಡಿಸಿದ್ದು ಶೆಡ್ಡಿನಲ್ಲಿತ್ತು. ನನ್ನ ಕೀಲು ಆಗಿನ್ನೂ ಪೆಟ್ಟಿಗೆಯಲ್ಲಿತ್ತು. ನಮ್ಮನ್ನು ರಾಕೆಟ್ಟಿನ ಕಡೆಗೆ ಕಳಿಸಿದರು. ವಿಮಾನಕ್ಕೆ ಒಳ್ಳೆಯ ದಿನ ಬಂದ ಕೂಡಲೇ ವಾಪಸ್ ಕರೆಸಿಕೊಳ್ಳುತ್ತೇವೆ ಎಂದರು. ಕರೆಯಲು ಅಲ್ಲಿ ಆಫೀಸೇ ಉಳಿಯಲಿಲ್ಲ. ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡಿತು. 1960ರಲ್ಲಿ ಆ ದೊಡ್ಡ ಕ್ಷಿಪಣಿಯೂ ರದ್ದಾಯಿತು. ನಮ್ಮ ಪರೀಕ್ಷಾ ರಾಕೆಟ್ಟು ಇನ್ನೂ ಕೆಲವು ವರ್ಷ, ಯಾವ ಕ್ಷಿಪಣಿಗಾಗಿ ಹುಟ್ಟಿತ್ತೋ ಅದು ಸತ್ತ ಮೇಲೂ, ಹಾರುತ್ತಿತ್ತು. ಅದನ್ನೇ ಬೆಳೆಸಿ ಕೊನೆಗೊಂದು ಉಪಗ್ರಹವನ್ನು ಮೇಲೆ ಬಿಟ್ಟರು. ಬಿಡುವ ಹೊತ್ತಿಗೆ ಆ ಯೋಜನೆಯೂ ರದ್ದಾಗಿತ್ತು.

ಕಂಪನಿ ಉಳಿಯಿತು ಎಂದಿದ್ದೆ. ಅದು ಸುಳ್ಳಲ್ಲ. ಈಗಲೂ ಆ ಕಟ್ಟಡದಲ್ಲಿ ಬೇರೆಯವರ ವಿಮಾನಕ್ಕೆ ಬಿಡಿಭಾಗ ಮಾಡುತ್ತಾರೆ.

ನಾನು ಬರೆದ ನಕ್ಷೆಗಳಲ್ಲಿ ಕೆಲಸಕ್ಕೆ ಬಂದದ್ದು ಒಂದೇ. ಗುಡ್ಡದ ಮೇಲೆ ರಾಕೆಟ್ಟು ಹಾರದಂತೆ ಹಿಡಿಯುವ ಕೊಕ್ಕೆ. ಅದು ಒಮ್ಮೆಯೂ ಕೈಕೊಡಲಿಲ್ಲ. ಅದಾದ ಮೇಲೆ ನನ್ನನ್ನು ಕೆಲಸದಿಂದ ಬಿಡುಗಡೆ ಮಾಡಿದರು. ನಿವೃತ್ತಿಯ ತನಕ ನಾನು ಇಲ್ಲಿಯ ಬಸ್ ಡಿಪೋದಲ್ಲಿದ್ದೆ. ನೀನು ವಿಮಾನಾಚಾರ್ಯ ಎಂದು ಬರೆದಾಗಲೆಲ್ಲ ಬೇಡ ಎನ್ನಲು ಮನಸ್ಸಾಗಲಿಲ್ಲ. ಬಸ್ಸಾಚಾರ್ಯ ಕಿವಿಗೆ ಅಷ್ಟು ಇಂಪಾಗಿ ಕೇಳುವುದಿಲ್ಲ ನೋಡು.

ನೀನು ಮೂರು ಸಲ ಕೇಳಿದೆ. ಮೊದಲ ಸಲವೇ ಹೇಳಿದ್ದರೆ ನೀನು ಪಂಜರ ಮಾಡುತ್ತಿರಲಿಲ್ಲವೇನೋ. ಆಗ ಶಾಪು ಆ ವರ್ಷವೇ ಮುಚ್ಚುತ್ತಿತ್ತು, ಪಲ್ಪರ್ ಆಗಲೂ ಆಗುತ್ತಿರಲಿಲ್ಲ. ಇದನ್ನು ಎಷ್ಟು ಸಲ ಲೆಕ್ಕ ಹಾಕಿದರೂ ಉತ್ತರ ಬದಲಾಗುತ್ತಿಲ್ಲ.

ಚನ್ನಕೇಶವ


ಮೂಡಿಗೆರೆ
5 ಫೆಬ್ರವರಿ 2006

ಪ್ರಿಯ ಚನ್ನಕೇಶವ,

ನಿನ್ನ ಪತ್ರವನ್ನು ಈ ಸಲ ಶಾಪಿನಲ್ಲಿ ಓದಲಿಲ್ಲ. ಕೇಳಿಸಿಕೊಳ್ಳಲು ಗುರುವಯ್ಯ ಒಬ್ಬನೇ ಉಳಿದಿದ್ದಾನೆ. ಬೇಡ ಎನಿಸಿತು.

ಶಿವಗಂಗಮ್ಮನವರು ಬಂದಿದ್ದರು. ಬಸ್ಸಿಳಿದು ಬಂದು ಸುಧಾರಿಸಿಕೊಂಡು, "ಈ ವರ್ಷ ಗಿಡದ ಮೇಲೇ ಹಣ್ಣು ಮಾರ್ಬಿಟ್ಟೆ ಅಣ್ಣ" ಅಂದರು. ವ್ಯಾಪಾರಿಗಳೇ ಕುಯ್ದುಕೊಂಡು ಹೋಗುತ್ತಾರಂತೆ. ಪಲ್ಪರ್ ವಿಷಯ ನಾನು ಎತ್ತುವ ಮೊದಲೇ, "ನೀವೇನೂ ಬೇಜಾರ್ ಮಾಡ್ಕೋಬೇಡಿ. ತಿರುವೋಕೆ ರಟ್ಟೆ ಬೇಕಲ್ಲ, ಅದೀಗ ಇಲ್ಲ" ಎಂದರು. ಸಮಾಧಾನ ಹೇಳಬೇಕಾದವನು ನಾನು, ಹೇಳಿ ಹೋದವರು ಅವರು.

ಇನ್ನೊಂದು ವಿಷಯ. ಶಶಿಧರ್ ಎಂಬೊಬ್ಬರು ದೇವರಮನೆ ರಸ್ತೆಯಲ್ಲಿ ರೆಸಾರ್ಟ್ ಕಟ್ಟುತ್ತಿದ್ದಾರೆ. ಮೊನ್ನೆ ಶಾಪಿಗೆ ಬಂದು ಗೋಡೆಯ ಮೇಲಿನ ನಿನ್ನ ನಕ್ಷೆ ನೋಡಿದರು. "ಇದು ಕ್ಯೂಟಾಗಿದೆ ಸಾರ್! ಲಾನ್‌ನಲ್ಲಿ ಇಡೋಕೆ ಒಂದು ಮಾಡಿಕೊಡಿ" ಎಂದರು. ಸುಲಿಯುವುದು ಬೇಡವಂತೆ. ಹಿಡಿ ತಿರುಗಿದರೆ ಸಾಕು, ಗೆಸ್ಟುಗಳು ಫೋಟೋ ತೆಗೆಸಿಕೊಳ್ಳುತ್ತಾರೆ. ಉಬ್ಬಿನ ಸಾಲು ಸೊಟ್ಟವಾದರೂ ಪರವಾಗಿಲ್ಲ, ಹೇಗೂ ಮೇಲೆ ಪೇಂಟ್ ಬರುತ್ತದೆ ಎಂದರು.

ನಕ್ಷೆ ನಿನ್ನದು. ನಿನ್ನನ್ನು ಕೇಳದೆ ಒಪ್ಪಲಿಲ್ಲ. ಬೇಡವೆಂದರೆ ಬೇಡ. ಮಾಡು ಎಂದರೆ ಆಗುವುದು ಅದೊಂದೇ. ಅದಾದ ಮೇಲೆ ನಾನು ಶಾಪು ಬಿಟ್ಟುಕೊಡುತ್ತೇನೆ.

ಏಕಾಂತಪ್ಪ


ದ್ವೀಪ
19 ಫೆಬ್ರವರಿ 2006

ಪ್ರಿಯ ಏಕಾಂತಪ್ಪ,

ಮಾಡು. ಗ್ಯಾಪ್ ಮಾತ್ರ ಸರಿಯಾಗಿ ಸೆಟ್ ಮಾಡು.

ಚನ್ನಕೇಶವ


ಮೂಡಿಗೆರೆ
9 ಏಪ್ರಿಲ್ 2006

ಪ್ರಿಯ ಚನ್ನಕೇಶವ,

ಆಯಿತು.

ಗುರುವಯ್ಯನಿಗೆ ಅದು ಲಾನಿಗೆ ಎಂದು ಹೇಳಲಿಲ್ಲ. ಮಲ್ಲಂದೂರಿಗೆ ಎಂದೆ. ಹರಿದ ತಗಡೆಲ್ಲ ಮೂಲೆಯಲ್ಲಿ ರಾಶಿ ಬಿತ್ತು. ಕೊನೆಗೆ ನಾನು ದೀಪ ಹಿಡಿದು ಪಕ್ಕದಲ್ಲಿ ಕೂತೆ, ಅವನು ಬೆರಳಲ್ಲಿ ತಡವಿ ತಡವಿ ಉಬ್ಬು ಹೊಡೆದ. ಒಂದು ತಗಡು ಸರಿಯಾಗಿ ಬಂತು. ನೀನು ಬರೆದ ಓರೆಯಲ್ಲೇ.

ಮಾರ್ಚಿನಲ್ಲಿ ಎಲ್ಲೋ ಉಳಿದಿದ್ದ ಕಡೇ ಕುಯ್ಲಿನ ರೊಬಸ್ಟಾ ಕಾಫಿ ಹಣ್ಣು ಒಂದು ಬುಟ್ಟಿ ತಂದು ಗ್ಯಾಪ್ ಸೆಟ್ ಮಾಡಿ ಸುರಿದೆವು. ಸುಲಿಯಿತು. ಸಿಪ್ಪೆ ಒಂದು ಕಡೆ, ಬೀಜ ಒಂದು ಕಡೆ. ಗುರುವಯ್ಯ ಬೊಗಸೆಯಲ್ಲಿ ಬೀಜ ತೆಗೆದು ಕಣ್ಣಿನ ಹತ್ತಿರ ಹಿಡಿದುಕೊಂಡ. ಕಾಣದಿದ್ದಾಗ ನನ್ನ ಕೈಗೆ ಹಾಕಿ, "ಸೀಳಿದ್ಯಾ ಸ್ವಾಮಿ?" ಎಂದ. ಒಂದೂ ಸೀಳಿರಲಿಲ್ಲ. ರಟ್ಟೆಗೆ ಭಾರವೂ ಇಲ್ಲ, ನೀನು ಹೇಳಿದ್ದು ಸರಿ.

ಆಮೇಲೆ ನನಗೆ ತಡೆಯಲಾಗಲಿಲ್ಲ. ಶಶಿಧರರಿಗೆ ಕೊಡುವ ಮೊದಲು ಪಿಕಪ್ಪಿನಲ್ಲಿ ಹೇರಿಕೊಂಡು ನಿಜವಾಗಿಯೂ ಮಲ್ಲಂದೂರಿಗೆ ಒಯ್ದೆ. ಹೀಗಾದರೂ ಮಾತು ಉಳಿಯಲಿ, ಅವರು ಇಟ್ಟುಕೊಂಡರೆ ರೆಸಾರ್ಟಿಗೆ ಏನಾದರೂ ನೆಪ ಹೇಳಿದರಾಯಿತು ಎಂದು. ಶಿವಗಂಗಮ್ಮನವರು ಅಂಗಳಕ್ಕೆ ಬಂದರು. ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದರು. ಗರಗರ ಸದ್ದಿಗೆ ಮುಖ ಅರಳಿತು. "ಚೆನ್ನಾಗಿದೆ ಅಣ್ಣ" ಎಂದರು. ಆಮೇಲೆ, "ತೋಟ ಮಾರೋ ಮಾತುಕತೆ ಆಗಿದೆ. ಯುಗಾದಿ ಕಳೆದ್ಮೇಲೆ ರಿಜಿಸ್ಟ್ರಿ. ಇದನ್ನ ಎಲ್ಲಿಡ್ಲಿ? ತಗೊಂಡ್ ಹೋಗಿ" ಅಂದರು. ಕಾಫಿ ಕೊಟ್ಟರು. ಕುಡಿದು ಹೊರಟೆ.

ಈಗ ಅದು ದೇವರಮನೆ ರಸ್ತೆಯ ಲಾನಿನಲ್ಲಿದೆ. ಹಸಿರು ಕೆಂಪು ಬಣ್ಣ ಬಳಿದಿದ್ದಾರೆ. ಇಟ್ಟ ದಿನವೇ ಶಶಿಧರರಿಗೆ ಒಂದು ಅನುಮಾನ ಬಂತು. ಗೆಸ್ಟುಗಳ ಮಕ್ಕಳು ಹಣ್ಣು ಹಾಕುವ ಬಾಯಿಯೊಳಗೆ ಬೆರಳು ತುರುಕಿದರೆ? ಬಾಯಿಗೆ ಒಂದು ತಗಡು ಹಾಕಿ ಮುಚ್ಚಿಬಿಡಿ ಎಂದರು. ಗುರುವಯ್ಯನನ್ನು ಕರೆಯಲಿಲ್ಲ. ನಾನೇ ಹೋಗಿ ಮುಚ್ಚಿದೆ.

ಗ್ಯಾಪ್ ನೀನು ಹೇಳಿದ ಹಾಗೆಯೇ ಇದೆ, ಒಳಗಡೆ. ಬೆಸುಗೆ ನೀಟಾಗಿ ಕೂತಿತು. ನಮ್ಮ ಶಾಪಿನಲ್ಲಿ ಈಗ ನೀಟಾಗಿ ಬರುವ ಕೆಲಸ ಅದೊಂದೇ.

ಏಕಾಂತಪ್ಪ